ಅಷ್ಟಮಿಯ ದಿನ ಉಜ್ಜಿದ ಬಿಲ್ಲೆ

ನನ್ನ ಮೇಜಿನ ಎರಡನೇ ಖಾನೆಯಲ್ಲಿ ಒಂದು ಬಿಲ್ಲೆ ಇದೆ. ಕೇರಂ ಆಟದ ಕಾಯಿಗಿಂತ ತುಸು ದಪ್ಪ. ಒಳಗೆ ಲಿಗ್ನೈಟಿನ ಪುಡಿ, ಅದನ್ನು ಹಿಡಿದಿಟ್ಟ ಗಟ್ಟಿ ರಾಳ. ಒಂದು ಮುಖವನ್ನು ಹೊಳೆಯುವಷ್ಟು ಉಜ್ಜಿದ್ದೇನೆ. ಇನ್ನೊಂದು ಮುಖದಲ್ಲಿ ಸೂಜಿಯಿಂದ ಗೀಚಿದ ಒಂದು ತಾರೀಖಿದೆ. ಅದೂ ನನ್ನದೇ ಅಕ್ಷರ. ಪರೀಕ್ಷೆ ಮುಗಿದ ಬಿಲ್ಲೆಗಳನ್ನು ಇಷ್ಟು ಕಾಲ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಎಸೆಯಬೇಕೆಂದು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಅಲ್ಲೇ ಇಟ್ಟಿದ್ದೇನೆ.

ನಾನು ಧಾರವಾಡದವನು. ಗೋವಾದ ಮಡ್ಕಯಿ ಕೈಗಾರಿಕಾ ವಸಾಹತಿನ ಒಂದು ಪ್ರಯೋಗಾಲಯದಲ್ಲಿ ಕಲ್ಲಿದ್ದಲಿನ ಪರೀಕ್ಷೆ ಮಾಡುತ್ತ ಇಪ್ಪತ್ತು ವರ್ಷ ದಾಟಿತು. ಊರಿನಲ್ಲಿ ಯಾರಾದರೂ ಕೇಳಿದರೆ ನನ್ನ ಹೆಂಡತಿ ‘ಗೋವಾದಾಗ ಲ್ಯಾಬಿನ್ಯಾಗ ಇದ್ದಾರ್ರಿ’ ಎನ್ನುತ್ತಾಳೆ. ಕೇಳಿದವರು ರಕ್ತ ಪರೀಕ್ಷೆಯ ಲ್ಯಾಬು ಎಂದುಕೊಂಡು ತಮ್ಮ ಸಕ್ಕರೆ ಕಾಯಿಲೆಯ ಸುದ್ದಿ ತೆಗೆಯುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಕೆಲಸವೂ ಅಷ್ಟೇನೂ ಬೇರೆಯಲ್ಲ: ಒಳಗೆ ನೀರೆಷ್ಟು, ಬೂದಿಯೆಷ್ಟು, ಗಂಧಕವೆಷ್ಟು, ಕಾಯಿಸಿದರೆ ಹೊಗೆಯಾಗಿ ಹೋಗುವುದೆಷ್ಟು, ಕೊನೆಗೆ ಉರಿಯಲು ಉಳಿಯುವ ಇಂಗಾಲವೆಷ್ಟು ಎಂದು ತೂಗಿ ಬರೆದುಕೊಡುವುದು.

ಎಲ್ಲ ಕಲ್ಲಿದ್ದಲಿಗಿಂತ ನನಗೆ ಹೆಚ್ಚು ಕಾಟ ಕೊಟ್ಟದ್ದು ಲಿಗ್ನೈಟ್. ಇಲ್ಲಿಯ ಕೆಲವು ಕಾರ್ಖಾನೆಗಳ ಬಾಯ್ಲರುಗಳಿಗೆ ಅದು ಗುಜರಾತಿನ ಕಡೆಯಿಂದ ಬರುತ್ತಿತ್ತು. ಬಣ್ಣ ಕಪ್ಪಲ್ಲ, ಕಾಫಿಪುಡಿಯ ಕಂದು. ಕೂಲಿಯವರು ಅದಕ್ಕೆ ‘ಹಸೀ ಕೋಳ್ಸಾ’, ಅಂದರೆ ಹಸಿ ಕಲ್ಲಿದ್ದಲು, ಎನ್ನುತ್ತಾರೆ; ಅವರ ಹೆಸರು ನಮ್ಮ ಪುಸ್ತಕದ ಹೆಸರಿಗಿಂತ ಸರಿಯಾಗಿದೆ. ಗಣಿಯಿಂದ ಬಂದಾಗ ತೂಕದ ಮೂರನೇ ಒಂದು ಪಾಲಿಗೂ ಮಿಕ್ಕಿ ನೀರೇ ಇರುತ್ತದೆ. ಒಣಗಿಸಲು ಇಟ್ಟರೆ ಒಂದು ಕಡೆ ನೀರು ಬಿಡುತ್ತ ಇನ್ನೊಂದು ಕಡೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ತೂಕ ತಪ್ಪಿಸುತ್ತದೆ. ಹೀಗಾಗಿ ಸಾರಜನಕ ಹಾಯಿಸುತ್ತ ಒಣಗಿಸಬೇಕು. ಮೂಸೆಯಲ್ಲಿಟ್ಟು ಒಮ್ಮೆಗೇ ಕಾಯಿಸಿದರೆ ಸಿಡಿದು ಮುಚ್ಚಳ ಹಾರಿಸುತ್ತದೆ. ಡಬ್ಬಿಯ ಬಾಯಿ ಅರ್ಧ ದಿನ ತೆರೆದಿಟ್ಟರೆ ನಿನ್ನೆಯ ಅಂಕಿ ಇವತ್ತಿಗೆ ಸುಳ್ಳು. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಹೇಳುತ್ತಿದ್ದೆ, ಇದರ ಜೊತೆ ಬಾಳುವೆ ಮಾಡುವುದು ಸಿಟ್ಟಿನ ಅತ್ತೆಯ ಜೊತೆ ಬಾಳುವೆ ಮಾಡಿದ ಹಾಗೆ ಎಂದು. ಅವರು ನಗುತ್ತಿದ್ದರು.

ಆದರೆ ಸೂಕ್ಷ್ಮದರ್ಶಕದ ಕೆಳಗೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಪುಡಿಯನ್ನು ರಾಳದಲ್ಲಿ ಕೂರಿಸಿ, ಒಣಗಿದ ಮೇಲೆ ಉಜ್ಜಿ, ಒಂದು ಹನಿ ಎಣ್ಣೆ ಬಿಟ್ಟು ನೋಡಿದರೆ ಮರ ಕಾಣುತ್ತದೆ. ನಿಜವಾದ ಮರ: ಕೋಶಗಳ ಗೋಡೆ, ಎಲೆಯ ಮೇಲ್ಪೊರೆ, ಹೂವಿನ ಪರಾಗ. ನೀಲಿ ಬೆಳಕು ಬಿಟ್ಟರೆ ಅಂಟು, ಪರಾಗ ಎಲ್ಲ ಹಳದಿಯಾಗಿ ಬೆಳಗುತ್ತವೆ. ನಡುನಡುವೆ ಗಂಧಕ ಮತ್ತು ಕಬ್ಬಿಣ ಸೇರಿದ ಪೈರೈಟಿನ ಪುಟ್ಟ ಗುಂಡುಗಳು ಬಂಗಾರದ ಬಣ್ಣದಲ್ಲಿ ಹೊಳೆಯುತ್ತವೆ. ಯಾವ ಭಾಗ ಎಷ್ಟಿದೆ ಎಂದು ತಿಳಿಯಲು ಐದು ನೂರು ಬಿಂದುಗಳನ್ನು ಒಂದೊಂದಾಗಿ ಎಣಿಸಬೇಕು. ಎಣಿಕೆಗೆ ಮೂರು ತಾಸು ಬೇಕು. ಎಣಿಸದೆ ಬಾಯಿ ಬಿಡಬಾರದು ಎಂಬುದು ನನ್ನ ಹಟ. ‘ಸರ್ ಅವರು ಐನೂರು ಮುಟ್ಟದ ಮಾತಾಡಂಗಿಲ್ಲ’ ಎಂದು ಲ್ಯಾಬಿನವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿ ಕೇಳುತ್ತಿತ್ತು.

ಲಿಗ್ನೈಟಿನ ಇನ್ನೊಂದು ಗುಣವನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರಾಶಿ ಹಾಕಿ ಬಿಟ್ಟರೆ ಗಾಳಿ ಹೀರಿ ಒಳಗೊಳಗೇ ಬಿಸಿಯಾಗುತ್ತದೆ. ಪೈರೈಟು ಹೆಚ್ಚಿದ್ದರೆ ಇನ್ನೂ ಬೇಗ. ಒಣಗಿದ ರಾಶಿಯ ಮೇಲೆ ಮಳೆ ಬಿದ್ದರೆ ತಣ್ಣಗಾಗುತ್ತದೆಂದು ಎಲ್ಲರೂ ತಿಳಿಯುತ್ತಾರೆ; ಆಗುವುದು ತಿರುಗಾಮುರುಗಾ. ಒಣಗಿದ ಲಿಗ್ನೈಟ್ ನೀರು ಕುಡಿಯುವಾಗಲೂ ಶಾಖ ಬಿಡುತ್ತದೆ. ಹೀಗಾಗಿ ರಾಶಿಯನ್ನು ದಿನವೂ ನೋಡಲು ಒಬ್ಬ ಮನುಷ್ಯ ಬೇಕು.

ನಮ್ಮ ಗೇಟಿನಿಂದ ಮೂರನೇ ಗೇಟು ಒಂದು ರಟ್ಟಿನ ಕಾರ್ಖಾನೆ. ಅಲ್ಲಿ ರಾಶಿ ನೋಡುತ್ತಿದ್ದವರು ವಿಜಯಪುರ ಕಡೆಯವರು, ನನಗಿಂತ ಏಳೆಂಟು ವರ್ಷ ಹಿರಿಯರು. ನಾನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಸಾಹೇಬ್ರು ಎನ್ನುವುದನ್ನು ಬಿಡಿಸಲು ನನ್ನಿಂದ ಆಗಲಿಲ್ಲ. ಆಳಿಗಿಂತ ಉದ್ದದ ಹನ್ನೆರಡು ಕಬ್ಬಿಣದ ಸಲಾಕೆಗಳನ್ನು ರಾಶಿಯಲ್ಲಿ ಅಲ್ಲಲ್ಲಿ ಚುಚ್ಚಿಟ್ಟು, ಬೆಳಗ್ಗೆ ಒಂದೊಂದನ್ನೇ ಹಿರಿದು, ಮಕ್ಕಳ ಜ್ವರ ನೋಡುವ ಹಾಗೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುವುದು ಅವರ ಕೆಲಸ. ಕೈ ಇಡಲಾಗದಷ್ಟು ಬಿಸಿ ಬಂದರೆ ಲೋಡರಿನವನನ್ನು ಕರೆದು ಆ ಜಾಗದ ರಾಶಿಯನ್ನು ಹರವಿಸುತ್ತಿದ್ದರು. ಪರೀಕ್ಷೆಯ ಮಾದರಿಯನ್ನು ನಮ್ಮಲ್ಲಿಗೆ ತರುತ್ತಿದ್ದವರೂ ಅವರೇ. ಡಬ್ಬಿಯ ಮುಚ್ಚಳಕ್ಕೆ ಹಸಿ ಬಟ್ಟೆ ಸುತ್ತಿ, ಎದೆಗೆ ಅವಚಿಕೊಂಡು ಬರುತ್ತಿದ್ದರು. ಮಾದರಿಯ ತೇವ ಹಾರಬಾರದೆಂದು ಯಾರೂ ಅವರಿಗೆ ಕಲಿಸಿರಲಿಲ್ಲ.

ಒಂದು ಸಲ ಬರುವಾಗ ಕೈಯಲ್ಲಿ ಗೇಣುದ್ದದ ಒಂದು ತುಂಡು ತಂದರು. ಅದರಲ್ಲಿ ಮರದ ಉಂಗುರಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು.

‘ಇದು ಕೋಳ್ಸಾ ಅಲ್ರಿ ಸಾಹೇಬ್ರ, ಕಟಗಿ’ ಎಂದರು. ‘ಸತ್ತು ಭಾಳ ದಿನಾ ಆಗೇತಿ, ಖರೇ, ಆದ್ರ ಇನ್ನೂ ಪೂರಾ ಸತ್ತಿಲ್ಲ. ಅದಕ್ಕ ಇದರ ಹೊಟ್ಟ್ಯಾಗ ಸಿಟ್ಟೈತಿ.’

ನಾನು ಆ ತುಂಡಿನ ರಸಾಯನಶಾಸ್ತ್ರವನ್ನು ಅವರಿಗೆ ಹತ್ತು ನಿಮಿಷ ಹೇಳಿದೆ. ಎಲ್ಲ ಕೇಳಿ, ‘ಅದನ್ನ ನಾನೂ ಅಂದದ್ರಿ’ ಎಂದು ಚಹಾ ಕುಡಿದು ಹೋದರು.

ನಮ್ಮ ಲ್ಯಾಬಿನಲ್ಲಿ ಖಂಡೇನವಮಿಯ ಆಯುಧಪೂಜೆಯನ್ನು ದೊಡ್ಡದಾಗಿ ಮಾಡಿಸಲು ಶುರುಮಾಡಿದವನು ನಾನೇ. ಗೋವಾದವರಾದ ನಮ್ಮ ಮಾಲೀಕರು ದಸರೆಯ ದಿನ ಒಂದು ಹೂ ಇಟ್ಟು ಮುಗಿಸುತ್ತಿದ್ದರು. ನಮ್ಮ ಕಡೆಯ ರೀತಿ ಹಾಗಲ್ಲ ಎಂದು ನಾನು ಜಬರದಸ್ತಿ ಮಾಡಿದೆ. ಅಷ್ಟಮಿಯ ಸಂಜೆಗೆ ಎಲ್ಲ ಹತಾರ ತೊಳೆಯಬೇಕು. ನವಮಿಯ ಬೆಳಗ್ಗೆ ವಿಭೂತಿ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆಯಬೇಕು. ಮಾರನೆಯ ದಿನ ಬನ್ನಿ ಮುಡಿಯುವ ತನಕ ಯಾವ ಹತಾರವನ್ನೂ ಮುಟ್ಟಬಾರದು. ತಕ್ಕಡಿ, ಒಲೆ, ಸೂಕ್ಷ್ಮದರ್ಶಕ ಎಲ್ಲ ಚೆಂಡುಹೂ ಹೊತ್ತು ಕೂತಿರುವುದನ್ನು ನೋಡಿದರೆ ನನಗೆ ಊರಿಗೆ ಹೋಗಿ ಬಂದಷ್ಟು ಸಮಾಧಾನ. ವಸಾಹತಿನ ಕನ್ನಡದವರಲ್ಲಿ ಇದು ಮಾತಾಯಿತು. ಕಾಕಾ ಕೂಡ ತಮ್ಮ ಹನ್ನೆರಡು ಸಲಾಕೆಗಳನ್ನು ಪೂಜೆಗೆ ಇಡಲು ಶುರುಮಾಡಿದ್ದು ನಮ್ಮ ಲ್ಯಾಬನ್ನು ನೋಡಿಯೇ.

ಆ ವರ್ಷ ಸಪ್ತಮಿಯ ದಿನ ಕಾಕಾ ಒಂದು ಡಬ್ಬಿ ತಂದುಕೊಟ್ಟರು. ರಾಶಿಯ ನಡುವಿನಿಂದ, ತೋಳುದ್ದ ಒಳಗಿನಿಂದ ತೆಗೆದದ್ದು. ನಾಲ್ಕು ಸಲಾಕೆ ಬಿಸಿ ಬರಾಕತ್ತಾವು, ಸ್ವಲ್ಪ ಬೇಗ ನೋಡ್ರಿ ಎಂದರು. ಕಾರ್ಖಾನೆಯ ಚೀಟಿಯಲ್ಲಿ ಎಂದಿನ ಪರೀಕ್ಷೆಗಳ ಜೊತೆಗೆ ಸೂಕ್ಷ್ಮದರ್ಶಕದ್ದೂ ಇತ್ತು. ನಾನು ಅವತ್ತೇ ರಾಳಕ್ಕೆ ಹಾಕಿದೆ. ಅಷ್ಟಮಿಯ ಮಧ್ಯಾಹ್ನ ಬಿಲ್ಲೆಯನ್ನು ಉಜ್ಜಿ, ಹಿಂದೆ ತಾರೀಖು ಗೀಚಿ, ಎಣ್ಣೆ ಬಿಟ್ಟು ಕಣ್ಣಿಟ್ಟೆ.

ನೋಡಿದ್ದನ್ನು ಇವತ್ತಿಗೂ ಬರೆದು ತೋರಿಸಬಲ್ಲೆ. ಕಣಗಳ ಮೈ ಬಿರುಕು ಬಿಟ್ಟಿತ್ತು. ಪ್ರತಿ ಕಣದ ಅಂಚಿಗೂ, ಬಿರುಕಿನ ಎರಡೂ ಬದಿಗೂ, ಒಂದು ಬಿಳಿ ಗೆರೆ. ಬೆಳಕನ್ನು ತಿರುಗಿ ಎಸೆಯುವ ಈ ಗೆರೆ ಬರುವುದು ಕಣ ಕಾದಾಗ. ಹಳದಿಯಾಗಿ ಬೆಳಗಬೇಕಿದ್ದ ಪರಾಗಗಳು ಮಂಕಾಗಿದ್ದವು. ಪೈರೈಟಿನ ಗುಂಡುಗಳು ತುಕ್ಕು ಹಿಡಿದು ಒಡೆದಿದ್ದವು. ರಾಶಿಯ ಒಳಗೆ ಬಿಸಿ ಶುರುವಾಗಿ ಒಂದು ದಿನವಲ್ಲ, ಹಲವು ದಿನ ಆಗಿತ್ತು. ಇದನ್ನು ತಿಳಿಯಲು ಐದು ನೂರು ಬಿಂದು ಬೇಕಾಗಿರಲಿಲ್ಲ, ಐದು ಸಾಕಿತ್ತು.

ಆದರೆ ಗಂಟೆ ನಾಲ್ಕಾಗಿತ್ತು. ಹುಡುಗಿಯರು ಆಗಲೇ ತಕ್ಕಡಿಯನ್ನು ಒರೆಸಿ, ಮೇಜು ತೊಳೆಯುತ್ತಿದ್ದರು. ಸೂಕ್ಷ್ಮದರ್ಶಕಕ್ಕಾಗಿ ಕಾಯುತ್ತ ಒಬ್ಬಳು ಬಟ್ಟೆ ಹಿಡಿದು ನಿಂತಿದ್ದಳು. ಎಣಿಸಲು ಕೂತರೆ ಏಳಾಗುತ್ತದೆ. ನಾನೇ ಮಾಡಿದ ನಿಯಮವನ್ನು ನಾನೇ ಮುರಿದಂತಾಗುತ್ತದೆ. ಎಣಿಸದೆ ಹೇಳಿದರೆ ನನ್ನ ಹಟ ಮುರಿಯುತ್ತದೆ. ದಸರೆ ಮುಗಿಸಿ ಎಣಿಸೋಣ ಎಂದು ಬಿಲ್ಲೆಯನ್ನು ತೆಗೆದು, ಎಣ್ಣೆ ಒರೆಸಿ, ಸೂಕ್ಷ್ಮದರ್ಶಕವನ್ನು ಅವಳಿಗೆ ಬಿಟ್ಟುಕೊಟ್ಟೆ.

ಐದರ ಸುಮಾರಿಗೆ ಕಾಕಾ ಬಂದರು. ಬಾಗಿಲ ಹೊರಗೇ ನಿಂತರು, ಒಳಗೆ ನೆಲ ತೊಳೆದಿತ್ತೆಂದು.

‘ನೋಡಿದ್ರೇನ್ರಿ ಸಾಹೇಬ್ರ?’

‘ಎಣಿಸೂದು ಉಳದೈತ್ರಿ ಕಾಕಾ. ಹಬ್ಬಾ ಮುಗದ ಮ್ಯಾಲೆ ವರದಿ ಕೊಡ್ತೀನಿ.’

ಅವರು ಹೋಗಲಿಲ್ಲ. ಅಲ್ಲೇ ನಿಂತು ಕೇಳಿದರು: ‘ಒಂದ ಮಾತ ಕೇಳ್ತೀನ್ರಿ. ನಾಳಿಗಿ ಬಾಯ್ಲರ್ ಬಂದ್. ಲೋಡರ್‌ನಂವ ಊರಿಗಿ ಹೊಂಟಾನ. ಸಲಾಕಿ ಪೂಜಿಗಿ ಇಟ್ರ ನಾಡದ ಮುಂಜಾನಿ ತನಕ ಮುಟ್ಟಂಗಿಲ್ಲ. ಬಿಸಿ ಬರಾಕತ್ತಾವು. ಈ ಸಲ ಇಡ್ಲೋ, ಬ್ಯಾಡೋ? ನೀವ ಹೇಳ್ರಿ.’

ಬಿಳಿ ಗೆರೆಗಳನ್ನು ನೋಡಿ ಒಂದು ತಾಸು ಆಗಿತ್ತು. ನಾನು ಹೇಳಿದೆ: ‘ಇಡ್ರಿ ಕಾಕಾ. ವರ್ಷಕ್ಕೊಮ್ಮೆ ಬರೂ ಹಬ್ಬ. ಒಂದ ದಿನದಾಗ ಏನಾಗ್ತೈತಿ?’

‘ಹಂಗಾದ್ರ ಇಡ್ತೀನ್ರಿ’ ಎಂದು ನಿರಾಳವಾಗಿ ಹೊರಟುಹೋದರು.

ನವಮಿಯ ಮಧ್ಯಾಹ್ನ ಹಿಂಗಾರಿನ ಗುಡುಗು ಮಳೆ ಬಂತು. ಫೋಂಡೆಯ ನಮ್ಮ ಮನೆಯ ಕಿಟಕಿಯಲ್ಲಿ ಅದನ್ನು ನೋಡುತ್ತ ಹೋಳಿಗೆ ಉಂಡೆ. ಕಾರ್ಖಾನೆಯ ಶೆಡ್ಡಿನ ತಗಡು ಮಳೆಗಾಲದಲ್ಲಿ ಕಿತ್ತುಹೋಗಿ, ರಾಶಿಯ ಅರ್ಧ ಭಾಗದ ಮೇಲೆ ಆಕಾಶವೇ ಕಾಣುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಒಣ ಲಿಗ್ನೈಟಿಗೆ ನೀರು ಬಿದ್ದರೆ ಏನಾಗುತ್ತದೆಂದು ವರ್ಷಕ್ಕೆ ಎರಡು ಹೊಸ ತಂಡಕ್ಕೆ ಪಾಠ ಹೇಳುವವನು ನಾನು. ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಇನ್ನೊಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ದಸರೆಯ ಬೆಳಗ್ಗೆ ಒಂಬತ್ತಕ್ಕೆ ಲ್ಯಾಬಿನ ಕಾವಲುಗಾರನ ಫೋನು ಬಂತು. ನಾನು ಹೋಗುವ ಹೊತ್ತಿಗೆ ಕಾಕಾ ಅವರನ್ನು ಪಣಜಿ ಕಡೆಯ ದೊಡ್ಡಾಸ್ಪತ್ರೆಗೆ ಒಯ್ದಿದ್ದರು. ನಡೆದದ್ದು ಇಷ್ಟು. ಸಲಾಕೆಗಳಿಗೆ ಕೈಮುಗಿದು, ಬನ್ನಿ ಇಲ್ಲಿ ಸಿಗುವುದಿಲ್ಲವೆಂದು ಇಲ್ಲಿಯವರು ಬಂಗಾರವೆಂದು ಕೊಡುವ ಆಪ್ಟೆಯ ಎಲೆಯನ್ನೇ ಏರಿಸಿ, ಹಬ್ಬದ ಹೊಸ ಅಂಗಿ ಕೊಳೆಯಾಗಬಾರದೆಂದು ಅದನ್ನು ಕಳಚಿ ಗೂಟಕ್ಕೆ ಹಾಕಿ, ಮೊದಲ ಸಲಾಕೆ ಹೊತ್ತು ಅವರು ರಾಶಿ ಏರಿದರು. ಮೇಲಿನ ಪದರ ಮಳೆಯಲ್ಲಿ ನೆಂದು ಗಟ್ಟಿಯಾಗಿ, ತಣ್ಣಗೆ, ಎಂದಿನಂತೆಯೇ ಕಾಣುತ್ತಿತ್ತು. ಒಳಗೆಲ್ಲ ಉರಿದು ಪೊಳ್ಳಾಗಿತ್ತು. ನಡುವೆ ಕಾಲಿಟ್ಟಾಗ ಪದರ ಕುಸಿದು ಸೊಂಟದವರೆಗೆ ಇಳಿದರು. ಕೈಯಲ್ಲಿದ್ದ ಸಲಾಕೆ ಅಡ್ಡ ಬಿದ್ದದ್ದರಿಂದ ಪೂರ್ತಿ ಒಳಗೆ ಹೋಗಲಿಲ್ಲ.

ಬೂದಿ ಮುಚ್ಚಿದ ಕೆಂಡ ಎಂದು ನಾವು ಮನುಷ್ಯರ ಬಗ್ಗೆ ಎಷ್ಟು ಸಲೀಸಾಗಿ ಆಡುತ್ತೇವೆ. ಅವತ್ತು ಅದನ್ನು ಕಣ್ಣಾರೆ ಕಂಡೆ. ನೀರು ಹೊಡೆದ ಮೇಲೆ ಹೊಂಡದೊಳಗೆ ಬಿಳಿ ಬೂದಿ, ಅದರ ಸುತ್ತ ಇಟ್ಟಿಗೆಯ ಹಾಗೆ ಸುಟ್ಟ ಕೆಂಪು ಅಂಚು, ಅದರಾಚೆ ಇನ್ನೂ ಹಸಿಯಾಗಿ ಉಳಿದ ಕಂದು ಲಿಗ್ನೈಟ್. ಸಲಾಕೆಯ ತುದಿಯಲ್ಲಿ ಕುಂಕುಮ ಹಾಗೇ ಇತ್ತು. ನಾನು ಶೆಡ್ಡಿನಿಂದ ಹೊರಗೆ ನಡೆದೆ. ಕಾರ್ಖಾನೆಯವರು ಹೊಗೆಯಿಂದ ಎಂದುಕೊಂಡು ನೀರು ಕೊಟ್ಟರು.

ಆಸ್ಪತ್ರೆಗೆ ಒಮ್ಮೆ ಹೋದೆ, ಮೂರನೆಯ ದಿನ. ಎದೆಯಿಂದ ಕೆಳಗೆ ಬಟ್ಟೆ ಮುಚ್ಚಿದ ಚೌಕಟ್ಟು. ಪಕ್ಕದಲ್ಲಿ ಅವರ ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದರು. ವಸಾಹತಿನ ಇನ್ನೊಂದು ಕಾರ್ಖಾನೆಯಲ್ಲಿ ಕಸ ಹೊಡೆಯುವ ಕೆಲಸ ಅವರದು, ಮುಖಪರಿಚಯವಿತ್ತು. ಕಾಕಾ ನನ್ನನ್ನು ಗುರುತಿಸಿದರು.

‘ವರದಿ ಬಂತೇನ್ರಿ ಸಾಹೇಬ್ರ?’ ಎಂದರು.

‘ಬರ್ತೈತ್ರಿ ಕಾಕಾ’ ಎಂದೆ.

ಒಂಬತ್ತನೆಯ ದಿನ ತೀರಿಕೊಂಡರು.

ಆಮೇಲೆ ಬೀಡಿ ಬಂತು. ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಲ್ಲಿ ಒಂದು ಬೀಡಿ ಕಟ್ಟು, ಒಂದು ಕಡ್ಡಿಪೆಟ್ಟಿಗೆ ಸಿಕ್ಕಿದ್ದವು. ರಾಶಿಯ ಮೇಲೆ ಬೀಡಿ ಸೇದಿ ಬೆಂಕಿ ಹಚ್ಚಿಕೊಂಡ ಎಂದು ಕಾರ್ಖಾನೆ ಬರೆದುಕೊಂಡಿತು. ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ ನಮ್ಮ ಬೆಳಗಾವಿ ಕಡೆಯವನೇ. ಪರೀಕ್ಷೆಗೆ ಹೊಸ ಮಾದರಿ ತಂದುಕೊಟ್ಟು, ‘ಬೆಂಕಿ ಇಲ್ದ ಹೊಗಿ ಆಡಂಗಿಲ್ಲ ಅಂತಾರಲ್ರಿ ಸರ’ ಎಂದ. ಲಿಗ್ನೈಟಿನ ಮುಂದೆ ಈ ಗಾದೆ ನಡೆಯುವುದಿಲ್ಲ ಎಂದು ಅವನಿಗೆ ಹೇಳಬೇಕಾದವನು ನಾನು. ಅವನ ಚೀಟಿಯಲ್ಲಿ ಕೇಳಿದ್ದು ತೇವ, ಬೂದಿ, ಶಾಖದ ಅಂಕಿ, ಅಷ್ಟೇ. ಸೂಕ್ಷ್ಮದರ್ಶಕದ ಪರೀಕ್ಷೆ ಕೇಳಿರಲಿಲ್ಲ. ಸಪ್ತಮಿಯ ಹಳೆಯ ಮಾದರಿಯ ವಿಷಯವನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಂಕಿಗಳನ್ನು ಎರಡೆರಡು ಸಲ ನೋಡಿ ಸರಿಯಾಗಿ ಕೊಟ್ಟೆ. ಷರಾ ಬರೆಯುವ ಜಾಗದಲ್ಲಿ ‘ಕಾರಣವನ್ನು ಈ ಪರೀಕ್ಷೆಗಳಿಂದ ನಿರ್ಧರಿಸಲಾಗದು’ ಎಂದು ಬರೆದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನಗಿಂತ ಜಾಣ ಆ ವಸಾಹತಿನಲ್ಲಿ ಇರಲಿಲ್ಲ.

ಮುಂದಿನ ಶ್ರಾವಣದಲ್ಲಿ ಕಾಕಾ ಅವರ ಹೆಂಡತಿ ಲ್ಯಾಬಿಗೆ ಬಂದರು. ಹೊರಗೆ ಮಳೆ ಸುರಿಯುತ್ತಿತ್ತು. ಸೀರೆಯ ಸೆರಗು ಹಿಂಡಿಕೊಂಡು, ನನ್ನ ಮೇಜಿನ ಮುಂದೆ ನಿಂತರು.

‘ಬರ್ರಿ ಕಾಕು, ಕುಂಡ್ರಿ’ ಎಂದೆ.

ಅವರು ಕೂತು, ಚಹಾ ಬೇಡವೆಂದು, ಬಂದ ಕೆಲಸವನ್ನು ನೇರವಾಗಿ ಹೇಳಿದರು.

ಅವರ ಮನೆತನದಲ್ಲಿ ನವಮಿಯ ದಿನ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಹಿರಿಯರು ಇಷ್ಟಪಡುತ್ತಿದ್ದದ್ದನ್ನು ಎಲೆಯ ಮುಂದಿಡುವುದು ಪದ್ಧತಿ. ಕಾಕಾ ಅವರ ಅಪ್ಪ ಬೀಡಿ ಸೇದುತ್ತಿದ್ದರಂತೆ. ಊರಿಗೆ ಹೋಗಲಾಗದ ವರ್ಷ ಕಾಕಾ ಇಲ್ಲಿಯ ತಮ್ಮ ಖೋಲಿಯಲ್ಲೇ ಎಡೆ ಇಟ್ಟು, ಅದರ ಮುಂದೆ ಒಂದು ಬೀಡಿ ಕಟ್ಟು ಇಡುತ್ತಿದ್ದರು. ಮಾರನೆಯ ದಿನ ಅದನ್ನು ಯಾರಾದರೂ ಸೇದುವವರಿಗೆ ಕೊಡುತ್ತಿದ್ದರು. ಆ ವರ್ಷ ಗೇಟಿನ ಕಾವಲುಗಾರನಿಗೆಂದು ಜೇಬಿನಲ್ಲಿ ಇಟ್ಟುಕೊಂಡಿದ್ದರು. ಕಡ್ಡಿಪೆಟ್ಟಿಗೆ ಸಲಾಕೆಗೆ ಕರ್ಪೂರ ಹಚ್ಚಲು.

‘ನಮ್ಮವರು ಜಲ್ಮದಾಗ ಬೀಡಿ ಮುಟ್ಟಿದವರಲ್ರಿ’ ಎಂದರು. ‘ಆದ್ರ ನಮ್ಮ ಭಾವ ಕಂಪನಿಯವರ ಮಾತ ನಂಬ್ಯಾರ. ಹಿರೇರಿಗಿ ಇಟ್ಟ ಬೀಡಿ ಸೇದಿ ಸುಟಗೊಂಡ, ಹಿರೇರು ಸಿಟ್ಟಾಗಿ ಕಣ್ಣ ತಗದ್ರು, ಅಂಥಾವನ್ನ ಹಿರೇರ ಸಾಲಿನ್ಯಾಗ ಕುಂಡರಸಂಗಿಲ್ಲ ಅಂತಾರ. ಈ ನವಮಿಗಿ ಎಡಿ ಇಡಬೇಕಲ್ರಿ. ವರ್ಷಾ ಆಗತೈತಿ.’

ಭಾವ ಎಂದರೆ ಕಾಕಾ ಅವರ ಅಣ್ಣ, ಊರಿನಲ್ಲಿ ಮನೆತನದ ಎಡೆ ಇಡುವವರು.

‘ನಾ ಏನ ಮಾಡ್ಲಿ ಕಾಕು?’

‘ಆ ಕೋಳ್ಸಾ ತಾನ ಹೊತಗೊಳ್ಳತೈತಿ ಅಂತ ಒಂದ ಮಾತ ಬರದ ಕೊಡ್ರಿ. ಸಿಕ್ಕಾ ಒತ್ತಿ ಕೊಡ್ರಿ. ನಮ್ಮ ಭಾವ ಕಾಗದಾ ಇದ್ರ ನಂಬತಾರ.’

ನಾನು ಖಾನೆಯಿಂದ ಬಿಲ್ಲೆಯನ್ನು ತೆಗೆದೆ. ಅವರೆದುರೇ ಸೂಕ್ಷ್ಮದರ್ಶಕಕ್ಕೆ ಇಟ್ಟು, ಎಣಿಸಲು ಕೂತೆ. ಅವರು ಮೂರು ತಾಸು ಅಲುಗದೆ ಕೂತರು. ಐದು ನೂರು ಬಿಂದು ಮುಗಿದಾಗ, ನೋಡುತ್ತೀರಾ ಎಂದು ಕೇಳಿದೆ. ಹೇಗೆ ಕಣ್ಣಿಡಬೇಕೆಂದು ತೋರಿಸಿದೆ. ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಮುಚ್ಚಿಕೊಂಡರು.

‘ಅಂಚಿಗಿ ಬೆಳ್ಳಗ ಐತ್ರಿ’ ಎಂದರು.

‘ಅದ ಕಾದದ್ರಿ. ಈ ಬೆಳಕಿನ್ಯಾಗ ಕಾದದ್ದು ಬೆಳ್ಳಗ ಕಾಣತೈತಿ.’

‘ಎಲ್ಲಾ ಕಾಳಿಗೂ ಐತಿ. ರೊಟ್ಟಿ ಅಂಚು ಸೀದಂಗ.’ ಸ್ವಲ್ಪ ಹೊತ್ತು ನೋಡಿ, ‘ಬೀಡಿ ಬೆಂಕಿ ಆಗಿದ್ರ ಹಿಂಗ ಎಲ್ಲಾ ಕಾಳಿಗೂ ಹತ್ತತಿತ್ತೇನ್ರಿ?’ ಎಂದು ಕೇಳಿದರು.

ಇಪ್ಪತ್ತು ವರ್ಷದಲ್ಲಿ ಯಾವ ಅಧಿಕಾರಿಯೂ ನನ್ನನ್ನು ಅಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಇಲ್ಲ ಎಂದೆ. ತೋಳುದ್ದ ಒಳಗಿನ ಕಣಗಳಿಗೆಲ್ಲ ಹೀಗೆ ಹತ್ತಬೇಕಾದರೆ ಒಳಗಿನಿಂದಲೇ ನಿಧಾನವಾಗಿ, ದಿನಗಟ್ಟಲೆ ಕಾದಿರಬೇಕು.

ಕಂಪ್ಯೂಟರಿನ ಮುಂದೆ ಕೂತು ಕನ್ನಡದಲ್ಲಿ ವರದಿ ಬರೆದೆ, ಅವರ ಭಾವನಿಗೆ ಓದಲು ಬರಲಿ ಎಂದು. ಮೊಟ್ಟಮೊದಲ ಸಾಲು: ಮಾದರಿಯನ್ನು ಸಪ್ತಮಿಯ ದಿನ ರಾಶಿ ನೋಡುವ ನೌಕರರೇ ಎಚ್ಚರಿಕೆ ಕೊಟ್ಟು ತಂದದ್ದು, ಅಷ್ಟಮಿಯ ದಿನ ಬಿಲ್ಲೆ ತಯಾರಾಗಿ, ಅದೇ ದಿನ ನಾನು ನೋಡಿದ್ದು. ಪಕ್ಕದಲ್ಲಿ ತಾರೀಖು ಹಾಕಿದೆ. ಈ ಸಾಲಿನಲ್ಲಿಯೇ ಎಲ್ಲ ಇತ್ತು. ಬೀಡಿ ಅವರ ಜೇಬಿಗೆ ಬಂದದ್ದು ನವಮಿಯ ಎಡೆ ಆದ ಮೇಲೆ. ರಾಶಿ ಅದಕ್ಕೂ ಮೊದಲೇ ಕಾಯುತ್ತಿತ್ತು ಎಂದು ತಾರೀಖು ಹೇಳುತ್ತಿತ್ತು. ಅದನ್ನು ಎದುರಿಗಿಟ್ಟರೆ ಕಾರ್ಖಾನೆಯ ಕಡತ ನಿಲ್ಲುತ್ತಿರಲಿಲ್ಲ. ನಾನೂ ನಿಲ್ಲುತ್ತಿರಲಿಲ್ಲ, ಗೊತ್ತಿದ್ದೂ ಎರಡು ದಿನ ಸುಮ್ಮನಿದ್ದವನು ಯಾರು ಎಂಬುದನ್ನೂ ಅದೇ ತಾರೀಖು ಹೇಳುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಇರಲಿ, ಈಗಲಾದರೂ ಉರಿಯಲಿ ಎಂದು ಅಚ್ಚು ತೆಗೆದೆ.

ಅವರಿಗೆ ಓದಲು ಬರುತ್ತಿರಲಿಲ್ಲ. ಗಟ್ಟಿಯಾಗಿ ಓದಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವರು ಕಾಗದಕ್ಕೆ ಕೈ ಚಾಚಲಿಲ್ಲ.

‘ತಾರೀಖ ತಗೀರಿ ಸಾಹೇಬ್ರ’ ಎಂದರು.

ಅರ್ಥವಾಗದವನಂತೆ ನೋಡಿದೆ.

‘ನಮ್ಮವರು ದವಾಖಾನ್ಯಾಗ ನನಗ ಎಲ್ಲಾ ಹೇಳ್ಯಾರ್ರಿ. ಸಲಾಕಿ ಇಡ್ಲೋ ಬ್ಯಾಡೋ ಅಂತ ಕೇಳಿದ್ದು, ನೀವು ಇಡ್ರಿ ಅಂದದ್ದು. ಇದನ್ನ ಯಾರ ಮುಂದೂ ಆಡಬ್ಯಾಡ, ಸಾಹೇಬ್ರ ನೌಕರಿಗಿ ಕುತ್ತ ಬರತೈತಿ, ಅವರು ಹಬ್ಬದ ಸಲುವಾಗಿ ಅಂದ್ರು, ಕೆಟ್ಟ ಮನಸಿನಿಂದ ಅಂದಿಲ್ಲ ಅಂತ ನನ್ನ ಕಡೆ ಮಾತ ತಗೊಂಡಾರ. ಆ ಸಾಲ ತಗೀರಿ. ಉಳದದ್ದ ಸಾಕು.’

ಹತ್ತು ತಿಂಗಳು ನಾನು ಅವರ ಹೆಸರಿಗೆ ಬೀಡಿ ಅಂಟಲು ಬಿಟ್ಟಿದ್ದೆ. ಅವರು ಸೊಂಟದವರೆಗೆ ಸುಟ್ಟು ಮಲಗಿದಲ್ಲಿ ನನ್ನ ನೌಕರಿಯ ಚಿಂತೆ ಮಾಡಿದ್ದರು. ನಾಚಿಕೆ ಎಂಬ ಮಾತು ಸಾಲದು, ಬೇರೆ ಮಾತು ನನಗೆ ಗೊತ್ತಿಲ್ಲ.

‘ಬ್ಯಾಡ ಕಾಕು, ಇರ್ಲಿ. ಇದು ಖರೇ ಐತಿ’ ಎಂದೆ.

‘ಖರೇ ಐತಿ. ತಗೀರಿ’ ಎಂದರು.

ಇನ್ನೊಂದು ಸಲ ಬೇಡ ಎನ್ನಬಹುದಿತ್ತು. ಕಾಗದವನ್ನು ಅವರಿಗೆ ಕೊಡದೆ ನಾನೇ ಹೊತ್ತುಕೊಂಡು ಮೂರನೇ ಗೇಟಿಗೆ ಹೋಗಬಹುದಿತ್ತು. ಅವರು ಮಾತು ಕೊಟ್ಟದ್ದು ಗಂಡನಿಗೆ. ನನ್ನಿಂದ ಯಾರೂ ಯಾವ ಮಾತೂ ತೆಗೆದುಕೊಂಡಿರಲಿಲ್ಲ. ಆ ಸಾಲನ್ನು ಅಳಿಸುವುದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಎರಡನೇ ಪ್ರತಿ ಹೊರಬಂತು. ‘ಈ ಜಾತಿಯ ಲಿಗ್ನೈಟ್ ಹೊರಗಿನ ಬೆಂಕಿಯಿಲ್ಲದೆ ತಾನಾಗಿಯೇ ಕಾದು ಉರಿಯುತ್ತದೆ, ಪರೀಕ್ಷಿಸಿದ ಕಣಗಳಲ್ಲಿ ಅಂಥ ಗುರುತುಗಳಿವೆ’ ಎಂದಷ್ಟೇ ಅದರಲ್ಲಿ ಇತ್ತು. ಸಹಿ ಹಾಕಿ, ಸಿಕ್ಕಾ ಒತ್ತಿ ಕೊಟ್ಟೆ. ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೆರಗಿನೊಳಗಿಟ್ಟುಕೊಂಡು ಮಳೆಯಲ್ಲಿ ಹೋದರು. ಮೊದಲನೇ ಪ್ರತಿಯನ್ನು ನಾನು ಹರಿದೆ.

ನವಮಿಯ ದಿನ ಅವರು ಊರಿನಿಂದ ಫೋನು ಮಾಡಿದರು. ನಾನು ಲ್ಯಾಬಿನಲ್ಲಿದ್ದೆ. ಕಾಯಿ ಒಡೆದಾಗಿತ್ತು, ಸೂಕ್ಷ್ಮದರ್ಶಕಕ್ಕೆ ಹೂ ಏರಿಸಿಯಾಗಿತ್ತು. ಈ ಸಲ ಪೂಜೆ ಬೇಡವೆಂದು ಹೇಳಲು ನನ್ನಿಂದ ಆಗಿರಲಿಲ್ಲ, ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು.

‘ಎಡಿ ಇಟ್ಟಿವ್ರಿ ಸಾಹೇಬ್ರ. ನಮ್ಮ ಭಾವನ ಕೈಲೆನ ಇಡ್ಸಿದ್ನಿ. ನಮ್ಮ ಮಾವನ ಬಾಜೂಕ ಕುಂಡರಸ್ಯಾರ. ನಮ್ಮವರಿಗಿ ಚಹಾ ಭಾಳ ಸೇರತಿತ್ತಲ್ರಿ, ಒಂದ ಬಟ್ಟಲ ಚಹಾ ಇಟ್ಟಿವಿ.’

‘ಭಾಳ ಚಲೋ ಆತ್ರಿ ಕಾಕು’ ಎಂದೆ.

‘ಭಾವ ಕಾಗದಾ ಎರಡ ಸಲ ಓದಿದ್ರು. ಈ ಪರೀಕ್ಷಾ ಯಾವಾಗ ಮಾಡಿದ್ದು, ತಾರೀಖ ಇಲ್ಲಲ್ಲ ಅಂತ ಕೇಳಿದ್ರು.’

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

‘ಅವರು ಹೋದ ಮ್ಯಾಲ ಮಾಡಿದ್ದು ಅಂತ ಹೇಳೀನ್ರಿ’ ಎಂದರು. ‘ಸರಿ ಹೇಳೀನಲ್ರಿ?’

‘ಹೌದ್ರಿ ಕಾಕು’ ಎಂದೆ.